ಉಷ್ಣದ ಆಯವ್ಯಯ

ಕ್ರಿ.ಶ. 1782–83ರ ಚಳಿಗಾಲದಲ್ಲಿ, ಪ್ಯಾರಿಸ್ ನಗರದಲ್ಲಿ, ರಸಾಯನಶಾಸ್ತ್ರದ ಆಚಾರ್ಯಪುರುಷನಾದ ಲವಾಸಿಯೆಯೂ ಗಣಿತದಲ್ಲಿ ಅಸಾಧಾರಣ ಪ್ರತಿಭೆಯುಳ್ಳ ಲಾಪ್ಲಾಸನೂ ಕೂಡಿ, ಒಂದರೊಳಗೊಂದು ಅಡಗಿದ ಮೂರು ಕೋಶಗಳುಳ್ಳ ಲೋಹದ ಪಾತ್ರೆಯೊಂದನ್ನು ಮುಂದಿಟ್ಟುಕೊಂಡು, ಪದಾರ್ಥಗಳ ಸಂಯೋಗದಿಂದ ಹೊರಹೊಮ್ಮುವ ಉಷ್ಣವನ್ನು ಅಳೆಯಲು ತೊಡಗಿದರು. ಒಳಕೋಶದಲ್ಲಿ ಉರಿಯುವ ಇದ್ದಿಲನ್ನಿಟ್ಟರೆ, ಸುತ್ತಲಿನ ಕೋಶದ ಹಿಮಗಡ್ಡೆ ಕರಗಿ ಕೆಳಗಿನ ನಳಿಗೆಯಿಂದ ನೀರಾಗಿ ತೊಟ್ಟಿಕ್ಕುವುದು. ಹೊರಕೋಶದ ಹಿಮವಾದರೋ ಕೋಣೆಯ ಕಾವು ಒಳಹೊಗದಂತೆ ಕಾವಲಿಗೆ ನಿಂತದ್ದು. ಕರಗುವ ಹಿಮವು, ತಾನು ಬಿಸಿಯಾಗದೆಯೇ, ನಿಶ್ಚಿತ ಪ್ರಮಾಣದ ಉಷ್ಣವನ್ನು ನುಂಗಿಕೊಳ್ಳುತ್ತದೆಂಬುದನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಸುಮಾರು ಎರಡು ದಶಕಗಳ ಹಿಂದೆಯೇ ಕಂಡುಕೊಂಡಿದ್ದುದರಿಂದ, ತೊಟ್ಟಿಕ್ಕಿದ ನೀರಿನ ತೂಕವೇ ಉಷ್ಣದ ಅಳತೆಯಾಯಿತು.

ಗಿನಿಯಿಲಿಯೊಂದು ಆ ಪಾತ್ರೆಯಲ್ಲಿ ಹತ್ತು ಗಂಟೆಗಳ ಸೆರೆವಾಸವನ್ನನುಭವಿಸಿ 13 ಔನ್ಸು ಹಿಮವನ್ನು ಕರಗಿಸಿತು. ಅಷ್ಟು ಹೊತ್ತಿನಲ್ಲಿ ಅದು ಉಸಿರಿನೊಡನೆ ಬಿಡುವ ಇಂಗಾಲದ ಡೈಆಕ್ಸೈಡ್ ಹುಟ್ಟುವಷ್ಟು ಇದ್ದಿಲನ್ನು ಸುಟ್ಟರೆ ಕರಗುವ ಹಿಮವು ಹತ್ತು ಔನ್ಸಿಗೆ ತುಸು ಮೇಲ್ಪಟ್ಟದ್ದು. ಲೆಕ್ಕಗಳೆರಡೂ ಸರಿಸಮನಾಗದಿದ್ದರೂ, ಉಸಿರಾಟವು ಜ್ವಾಲೆಯಿಲ್ಲದ ಮಂದದಹನವೆಂದು ಸಾರಲು ಅವರಿಗೆ ಆ ಸಾಮೀಪ್ಯವೇ ಸಾಕಾಯಿತು. ಅದಕ್ಕಿಂತಲೂ ನನಗೆ ಮೆಚ್ಚಿಕೆಯಾದುದು ಅವರ ಸಂಯಮ. ಉಷ್ಣವು ಸೂಕ್ಷ್ಮವಾದೊಂದು ದ್ರವವೋ ಕಣಗಳ ಅದೃಶ್ಯ ಚಲನೆಯೋ ಎಂಬ ವಿವಾದವನ್ನು ಬದಿಗಿರಿಸಿ, ಉಭಯಪಕ್ಷಗಳಿಗೂ ಸಮ್ಮತವಾಗುವಂಥ ಮಾತನ್ನಷ್ಟೇ ಅವರು ಆಡಿದರು: ಒಂದು ಪರಿವರ್ತನೆಯಲ್ಲಿ ಹೊರಬಿದ್ದ ಉಷ್ಣವು, ಅದನ್ನೇ ವಿಲೋಮವಾಗಿ ನಡೆಸಿದಾಗ, ಅಷ್ಟಕ್ಕಷ್ಟೇ ಒಳಸೇರತಕ್ಕದ್ದು.

ಈ ಲೆಕ್ಕಕ್ಕೆ ಶಾಸ್ತ್ರದ ರೂಪವನ್ನಿತ್ತವನು ಜರ್ಮೇನ್ ಹೆಸ್. ಜಿನೀವಾದಲ್ಲಿ ಹುಟ್ಟಿ, ಎಳವೆಯಲ್ಲಿಯೇ ರಷ್ಯಕ್ಕೆ ಬಂದು, ಸೈಬೀರಿಯದ ಇರ್ಕುಟ್ಸ್ಕಿನಲ್ಲಿ ಕೆಲಕಾಲ ವೈದ್ಯವೃತ್ತಿಯನ್ನು ನಡೆಸಿ, ಕಡೆಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲೆನಿಂತ ಈತನು, ಗಂಧಕಾಮ್ಲಕ್ಕೆ ಬೇರೆಬೇರೆ ಪ್ರಮಾಣದಲ್ಲಿ ನೀರು ಬೆರೆಸಿ, ಅನಂತರ ಅದನ್ನು ಅಮೋನಿಯದಿಂದ ತಟಸ್ಥಗೊಳಿಸಿ, ಎರಡು ಹಂತಗಳಲ್ಲಿ ಹುಟ್ಟಿದ ಉಷ್ಣವನ್ನು ಕೂಡಿಸಿ ನೋಡಿದನು. ಮೊದಲು ನೀರಿನೊಡನೆ ಹೆಚ್ಚು ಬಂದರೆ ಆಮೇಲೆ ಅಮೋನಿಯದೊಡನೆ ಕಡಮೆ. ಮೊತ್ತ ಮಾತ್ರ ಒಂದೇ. ಮಾರ್ಗ ಯಾವುದಾದರೂ ಆಗಲಿ, ಆದಿ ಅಂತ್ಯಗಳು ಒಂದೇ ಆಗಿದ್ದರೆ ಉಷ್ಣದ ಮೊತ್ತವೂ ಒಂದೇ ಎಂದು ಆತ ಸಾರಿದ್ದು 1840ರಲ್ಲಿ. ಶಕ್ತಿಸಂರಕ್ಷಣೆಯ ತತ್ತ್ವವನ್ನು ಪ್ರತಿಪಾದಿಸಿದ ಮೇಯರನ ಲೇಖನ ಬೆಳಕು ಕಂಡದ್ದು 1842ರಲ್ಲಿ.

ಹೆಸ್ಸನ ನಿಯಮಕ್ಕೆ ನಮ್ಮ ಗಾರೆಯ ಗೋಡೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನೂರು ಗ್ರಾಂ ಶುದ್ಧ ಸುಣ್ಣಕಲ್ಲು, ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನ ಗೂಡಿನಲ್ಲಿ ಬೆಂದು ಸುಟ್ಟಸುಣ್ಣವಾಗುವ ಪರಿವರ್ತನೆಯೊಂದಕ್ಕೇ ಸುಮಾರು 178 ಕಿಲೊಜೂಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ಆ ಸುಣ್ಣಕ್ಕೆ ನೀರು ಹಾಕಿದೊಡನೆ ಅದು ಬುಸುಗುಟ್ಟಿ, ಹಬೆಯಾಡಿ, ಬಿರಿದು ಅರಳುತ್ತದಷ್ಟೆ. ಆ ಆರ್ಭಟದಲ್ಲಿ ಹಿಂದಿರುಗುವುದು ಕೇವಲ 65. ಉಳಿದ 113 ಎಲ್ಲಿ ಹೋಯಿತು? ಗೋಡೆಗೆ ಮೆತ್ತಿದ ಸುಣ್ಣವು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುವಾಗ, ತಿಂಗಳುಗಟ್ಟಲೆ, ಯಾರ ಅಂಗೈಗೂ ತಾಗದಷ್ಟು ಮೆಲ್ಲಗೆ ಅದು ಸಂದಾಯವಾಗುತ್ತದೆ.

ಅಣುಗಳ ಬಂಧಗಳನ್ನು ಒಡೆಯಲು ಶಕ್ತಿ ಬೇಕು, ಹೊಸ ಬಂಧಗಳು ಕೂಡುವಾಗ ಶಕ್ತಿ ಹೊರಬರುತ್ತದೆ. ಕ್ರಿಯೆಯೊಂದು ಬಿಸಿಯಾದೀತೋ ತಂಪಾದೀತೋ ಎಂಬುದು ಈ ಎರಡರ ವ್ಯತ್ಯಾಸವೆಂದು ಇಂದು ನಾವು ಬಲ್ಲೆವು. ಹೆಸ್ಸನ ಅನಂತರ ಬಂದ ಕೋಪನ್‌ಹೇಗನ್ನಿನ ಥಾಮ್ಸೆನ್ನನೂ ಪ್ಯಾರಿಸಿನ ಬರ್ತಲೋ ಎಂಬವನೂ ಸಾವಿರಾರು ಅಳತೆಗಳನ್ನು ನಡೆಸಿ, ಉಷ್ಣವನ್ನು ಅತಿಹೆಚ್ಚು ಬಿಡುಗಡೆ ಮಾಡುವ ಕ್ರಿಯೆಯೇ ತಾನಾಗಿ ಜರುಗುವುದೆಂದು ನಂಬಿದರು. ನವಸಾಗರವನ್ನು ನೀರಿಗೆ ಹಾಕಿದರೆ ಅದು ತಾನಾಗಿಯೇ ಕರಗುತ್ತದೆ, ಲೋಟವೂ ತಣ್ಣಗಾಗುತ್ತದೆ. ಆ ಸಿದ್ಧಾಂತಕ್ಕೆ ಇದೊಂದೇ ಮಾರಕ. ಗಿಬ್ಸ್ ಮತ್ತು ಹೆಲ್ಮ್‌ಹೋಲ್ಟ್ಸರು, ಉಷ್ಣದ ಜೊತೆಗೆ ಕಣಗಳ ಅಸ್ತವ್ಯಸ್ತತೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ತೋರಿಸಿದ ಮೇಲೆ ಬರ್ತಲೋನ ತತ್ತ್ವ ಬಿದ್ದುಹೋಯಿತು. ಆದರೆ ವಸ್ತುವನ್ನು ಒತ್ತಡದ ಆಮ್ಲಜನಕದಲ್ಲಿ ಉರಿಸಿ ಕಾವನ್ನಳೆಯಲು ಅವನು ನಿರ್ಮಿಸಿದ ಉಕ್ಕಿನ ಪಾತ್ರೆಯ ಮಾದರಿಯಲ್ಲಿಯೇ ಕಲ್ಲಿದ್ದಲಿನ ಕಸುವನ್ನು ಪ್ರಯೋಗಾಲಯಗಳು ಇಂದಿಗೂ ಗೊತ್ತುಮಾಡುತ್ತಿವೆ.