ಎಷ್ಟು ಟಿಬಿ ಅಂತ ಕೇಳಿದ್ರೆ ಸಾಲದು

ಸಾಫ್ಟ್‌ವೇರ್‌ನಲ್ಲಿ ಕೆಲಸ ಅಂದ್ರೆ ಸಾಕು, ನೆಂಟರಿಷ್ಟರ ಕಂಪ್ಯೂಟರ್‌ಗಳಿಗೆಲ್ಲ ನಾವೇ ಡಾಕ್ಟರು! ನನಗೆ ಹೆಚ್ಚು ಬರುವ ಪ್ರಶ್ನೆ: “ಡೆಸ್ಕ್‌ಟಾಪ್‌ಗೆ ಯಾವ ಹಾರ್ಡ್ ಡಿಸ್ಕ್ ಹಾಕಿಸಲಿ?” ನಾನು ತಿರುಗಿ ಕೇಳೋದು ಒಂದೇ, “ಅದರಲ್ಲಿ ಏನಿಡ್ತೀರ?”

ವಿಂಡೋಸ್, ದಿನಬಳಕೆಯ ಸಾಫ್ಟ್‌ವೇರ್‌ಗಳಿಗೆ ಎಸ್‌ಎಸ್‌ಡಿನೇ ಸರಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿಗೂ ಹೆಚ್ಚು ಓದುತ್ತೆ. ತಿರುಗುವ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ 150ರಿಂದ 250. ಆದರೆ ಟಿಬಿಗಟ್ಟಲೆ ಫೋಟೋ, ವಿಡಿಯೋ ಕೂಡಿಡೋಕೆ 3.5 ಇಂಚಿನ ಹಾರ್ಡ್ ಡಿಸ್ಕೇ ಅಗ್ಗ.

ಅದನ್ನು ಕೊಳ್ಳುವಾಗ ಬಹಳ ಜನ ನೋಡದೇ ಬಿಡೋದು ಸಿಎಂಆರ್ ಮತ್ತು ಎಸ್‌ಎಂಆರ್ ವ್ಯತ್ಯಾಸ. ಎಸ್‌ಎಂಆರ್‌ನಲ್ಲಿ ಡೇಟಾದ ಸಾಲುಗಳು ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಚೂರು ಹತ್ತಿ ಕೂತಿರ್ತವೆ. ಒಂದು ಹೆಂಚು ಬದಲಿಸೋಕೆ ಪಕ್ಕದ್ದನ್ನೂ ಎತ್ತಬೇಕಲ್ಲ, ಹಾಗೇ ಹಳೇ ಡೇಟಾ ಮೇಲೆ ಬರೆಯುವಾಗ ಅಕ್ಕಪಕ್ಕದ ಸಾಲುಗಳನ್ನೂ ಮತ್ತೆ ಬರೀಬೇಕು. ಒಮ್ಮೆ ತುಂಬಿಟ್ಟು ಆಗಾಗ ನೋಡೋಕಾದ್ರೆ ಅಡ್ಡಿಯಿಲ್ಲ. ದಿನವೂ ಎಡಿಟಿಂಗ್ ಮಾಡೋರಿಗೆ ತೆವಳುತ್ತೆ. ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಷಿಬಾ ಮೂರೂ ಕೆಲವು ಮಾಡೆಲ್‌ಗಳಲ್ಲಿ ಇದನ್ನು ಹೇಳದೇ ಮಾರಿದ್ದು 2020ರಲ್ಲಿ ಹೊರಬಂತು. ಹಾಗಾಗಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಡೇಟಾಶೀಟ್‌ನಲ್ಲಿ ನೋಡಿ.

ಇನ್ನು ನನ್ನ ಭಾವನ ವಿಷಯ. ಅವರದ್ದು ದಾವಣಗೆರೆಯಲ್ಲಿ ಫೋಟೋ ಸ್ಟುಡಿಯೋ. “ಒಂದೇ 8 ಟಿಬಿ ತಗೊಂಡ್ರೆ ನಾಲ್ಕೈದು ವರ್ಷ ಚಿಂತೆಯಿಲ್ಲ ಕಣೋ” ಅಂದ್ರು. “ಭಾವ, ಡಿಸ್ಕ್ ಕೆಟ್ರೆ ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಡ್ತಾರೆ, ಜನರ ಮದುವೆ ಫೋಟೋ ಯಾರು ಕೊಡ್ತಾರೆ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರನ್ನ ಮತ್ತೆ ಹಸೆಮಣೆ ಮೇಲೆ ಕೂರಿಸೋಕಾಗಲ್ಲ ಬಿಡು” ಅಂದ್ರು. 4 ಟಿಬಿಯ ಎರಡು ಸಿಎಂಆರ್ ಡಿಸ್ಕ್ ತಗೊಂಡ್ವಿ. ಒಂದು ಕ್ಯಾಬಿನೆಟ್ ಒಳಗೆ. ಇನ್ನೊಂದಕ್ಕೆ ಪ್ರತಿ ಭಾನುವಾರ ಕಾಪಿ ಮಾಡಿ ಅಕ್ಕ ಮನೆಗೆ ಒಯ್ತಾಳೆ.

ನೀವು ಕೊಳ್ಳುವುದಾದರೆ ಇಷ್ಟು ನೆನಪಿರಲಿ:

• ಮದರ್‌ಬೋರ್ಡ್‌ನಲ್ಲಿ ಖಾಲಿ ಸಾಟಾ ಪೋರ್ಟ್, ಪವರ್ ಸಪ್ಲೈನಲ್ಲಿ ಖಾಲಿ ಕನೆಕ್ಟರ್ ಇದೆಯಾ ನೋಡಿ.

• 2 ಟಿಬಿಗಿಂತ ದೊಡ್ಡದಾದ್ರೆ ಫಾರ್ಮ್ಯಾಟ್ ಮಾಡುವಾಗ ಎಂಬಿಆರ್ ಬದಲು ಜಿಪಿಟಿ ಆರಿಸಿ.

• 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 3.6 ಅಂತ ಕಾಣುತ್ತೆ. ಅದು ಮೋಸ ಅಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.

• ಹಾಕಿಸಿದ ದಿನವೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ನೋಡಿ. ‘ಹೊಸದು’ ಸಾವಿರಾರು ಗಂಟೆ ತೋರಿಸಿದ್ರೆ ಅವತ್ತೇ ವಾಪಸ್ ಕೊಡಿ.

ಯಾವ ಕಂಪನಿಯದ್ದಾದರೂ ಹಾರ್ಡ್ ಡಿಸ್ಕ್ ಒಂದು ದಿನ ಕೆಡುವಂಥದ್ದೇ. ದುಡ್ಡು ಒಂದೇ ದೊಡ್ಡ ಡಿಸ್ಕ್‌ಗೆ ಸುರಿಯೋ ಬದಲು ಎರಡಕ್ಕೆ ಹಂಚಿ, ಎರಡನ್ನೂ ಒಂದೇ ಸೂರಿನಡಿ ಇಡಬೇಡಿ.