ಟಕ್ ಟಕ್ ಎಂದರೆ ಸ್ವಿಚ್ ಆಫ್ ಮಾಡಿ

ಕೆಟ್ಟ ಹಾರ್ಡ್ ಡಿಸ್ಕ್ ಕೈಗೆ ಬಂದ ಕೂಡಲೇ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡುವವರು ಡೇಟಾ ರಿಕವರಿಯ ಕಸಬುದಾರರಲ್ಲ. ಕಸಬು ಬಲ್ಲವರು ಮೊದಲು ವಿಚಾರಿಸುತ್ತಾರೆ: ಏನಾಯಿತು? ಆಮೇಲೆ ನೀವೇನು ಮಾಡಿದಿರಿ? ಡಿಸ್ಕಿನ ಹಣೆಬರಹ ಹೆಚ್ಚಾಗಿ ಎರಡನೆಯ ಪ್ರಶ್ನೆಯ ಉತ್ತರದಲ್ಲಿರುತ್ತದೆ.

ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲಿನ ಕಾಂತೀಯ ಲೇಪದಲ್ಲಿ ನಮ್ಮ ಫೋಟೊ, ಲೆಕ್ಕಪತ್ರಗಳೆಲ್ಲ ಇರುತ್ತವೆ. ಓದಿ ಬರೆಯುವ ಹೆಡ್ ತಟ್ಟೆಗೆ ತಾಗುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಆ ಸಂದಿಗೆ ಧೂಳಿನ ಕಣವೂ ದೊಡ್ಡ ಬಂಡೆ.

ಹಾಗಾಗಿ ಸುಮ್ಮನೆ ಮುಚ್ಚಳ ತೆರೆದು ನೋಡುವಂತಿಲ್ಲ; ರೋಗ ಪತ್ತೆಯ ಒಂದು ಪಾಲು ಕಿವಿಯ ಕೆಲಸ. ಒಂದೇ ಲಯದಲ್ಲಿ ಟಕ್ ಟಕ್ ಎಂದರೆ ಹೆಡ್ ತನ್ನ ಜಾಗ ಹುಡುಕಿ ಸೋಲುತ್ತಿದೆ ಎಂದು ಶಂಕೆ. ಸಣ್ಣಗೆ ಕುಂಯ್ ಎಂದು ನಿಂತರೆ ಹೆಡ್ ತಟ್ಟೆಗೆ ಅಂಟಿಕೊಂಡು ಮೋಟರಿಗೆ ತಿರುಗಲಾಗುತ್ತಿಲ್ಲವೇನೋ. ಸದ್ದೇ ಇಲ್ಲದಿದ್ದರೆ ಕೆಳಗಿನ ಬೋರ್ಡ್ ಸುಟ್ಟಿರಬಹುದು. ಬೋರ್ಡ್ ಬದಲಿಸುವುದು ಕೇಳಿದಷ್ಟು ಸುಲಭದ ರಿಪೇರಿಯಲ್ಲ. ಹಿಂದೆ ಅದೇ ಮಾಡೆಲ್ಲಿನ ಬೇರೆ ಬೋರ್ಡ್ ಹಾಕಿದರೆ ನಡೆಯುತ್ತಿತ್ತು. ಈಗಿನ ಬಹುಪಾಲು ಡಿಸ್ಕುಗಳಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ಮಾಹಿತಿ ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುತ್ತದೆ. ಅದನ್ನೂ ಬಿಡಿಸಿ ಹೊಸ ಬೋರ್ಡಿಗೆ ಬೆಸೆಯಬೇಕು.

ಹೆಡ್ ಹೋಗಿದ್ದರೆ ಅದೇ ಮಾಡೆಲ್ಲಿನ ಡೋನರ್ ಡಿಸ್ಕ್ ಹುಡುಕಿ, ಧೂಳು ಸೋಸಿದ ಗಾಳಿಯ ಕೋಣೆಯಲ್ಲಿ ಹೆಡ್ ಬದಲಿಸುತ್ತಾರೆ. ಹೊಸ ಹೆಡ್ ಹೆಚ್ಚು ದಿನ ಬಾಳುವ ಭರವಸೆಯಿಲ್ಲ. ಆದ್ದರಿಂದ ಫೈಲುಗಳನ್ನು ತೆರೆದು ನೋಡುತ್ತ ಕೂರದೆ ಇಡೀ ಡಿಸ್ಕಿನ ನಕಲು ಇಳಿಸಿಕೊಳ್ಳುತ್ತಾರೆ. ಸಲೀಸಾಗಿ ಓದಿಸಿಕೊಳ್ಳುವ ಭಾಗ ಮೊದಲು, ಹಟ ಮಾಡುವ ಬ್ಯಾಡ್ ಸೆಕ್ಟರುಗಳು ಕೊನೆಗೆ. ಮುಂದಿನ ಹುಡುಕಾಟವೆಲ್ಲ ಆ ನಕಲಿನ ಮೇಲೆಯೇ.

ಈ ವಿದ್ಯೆ ಎಲ್ಲಿಯವರೆಗೆ ಮುಟ್ಟಬಲ್ಲದು ಎಂಬುದಕ್ಕೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಡಿಸ್ಕ್ ಸಾಕ್ಷಿ. 2003ರ ಫೆಬ್ರುವರಿ 1ರಂದು ಆಕಾಶದಲ್ಲೇ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿ ತೆಗೆದುಕೊಂಡ ನೌಕೆ ಅದು. ಅದರಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯ ಪ್ರಯೋಗವೊಂದರ 400 ಎಂಬಿ ಡಿಸ್ಕ್ ಇತ್ತು. ತಿಂಗಳುಗಳ ನಂತರ ಒಣಗಿದ ಕೆರೆಯಂಗಳದಲ್ಲಿ ಸಿಕ್ಕಾಗ ಅದು ಸುಟ್ಟ ಲೋಹದ ಮುದ್ದೆ. ಸೀಲ್ ಕರಗಿ ಮಣ್ಣು ಒಳಹೊಕ್ಕಿತ್ತು. ಆದರೆ ತಟ್ಟೆಗಳು ಸೊಟ್ಟಗಾಗಿರಲಿಲ್ಲ. ಅಮೆರಿಕದ ಮಿನಿಯಾಪೊಲಿಸ್ ಬಳಿಯ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವರು ಅವನ್ನು ತೊಳೆದು ಬೇರೊಂದು ಡಿಸ್ಕಿಗೆ ಕೂರಿಸಿ ಸುಮಾರು ಶೇ 99ರಷ್ಟು ಮಾಹಿತಿ ಹೊರತೆಗೆದರು. ಅದೃಷ್ಟವೂ ಜೊತೆಗಿತ್ತು: ಪ್ರಯೋಗದ ಕಂಪ್ಯೂಟರ್ ಹಳೆಯ ಡಾಸ್ ವ್ಯವಸ್ಥೆಯದು, ಮಾಹಿತಿಯನ್ನು ಚೆಲ್ಲಾಪಿಲ್ಲಿಯಾಗಿ ಹರಡಿರಲಿಲ್ಲ, ತಟ್ಟೆಗೆ ಪೆಟ್ಟು ಬಿದ್ದದ್ದು ಖಾಲಿ ಜಾಗದಲ್ಲಿ. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಆಕಾಶದಿಂದ ಬಿದ್ದ ಡಿಸ್ಕ್ ಉಳಿಯಿತು; ಮೇಜಿನಿಂದ ಬಿದ್ದದ್ದು ಎಷ್ಟೋ ಸಲ ಉಳಿಯುವುದಿಲ್ಲ. ಕಾರಣ ಸರಳ. ಆಕಾಶದಿಂದ ಬಿದ್ದದ್ದನ್ನು ಯಾರೂ ಮತ್ತೆ ಮತ್ತೆ ಆನ್ ಮಾಡಿ ನೋಡಲಿಲ್ಲ. ತಿರುಗುವ ತಟ್ಟೆಯ ಮೇಲೆ ಮುರಿದ ಹೆಡ್ ಉಜ್ಜಿದರೆ ಕಾಂತೀಯ ಲೇಪವೇ ಪುಡಿಯಾಗುತ್ತದೆ. ಪುಡಿಯಾದ ಮಾಹಿತಿಯನ್ನು ಜಗತ್ತಿನ ಯಾವ ಪ್ರಯೋಗಾಲಯವೂ ಮರಳಿಸಲಾರದು. ಫ್ರೀಜರಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ಉಪಾಯ ಇನ್ನೂ ಚಾಲ್ತಿಯಲ್ಲಿದೆ. ತಟ್ಟೆಯ ಮೇಲೆ ತೇವ ಕೂರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ!

ತಪ್ಪಿ ಅಳಿಸಿದ ಫೈಲಿನ ಕಥೆ ಬೇರೆ. ಡಿಸ್ಕಿನಲ್ಲಿ ಅಳಿಸಿದಾಗ ಹೋಗುವುದು ವಿಳಾಸ ಮಾತ್ರ. ಅದರ ಮೇಲೆ ಹೊಸದು ಬರೆಯದಿದ್ದರೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶವೇ ಸಾಕಾಗಬಹುದು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯಲ್ಲಿ ಆ ಆಸೆ ಕಡಿಮೆ. ಟ್ರಿಮ್ ಎಂಬ ಆಜ್ಞೆ ಸಿಕ್ಕ ಮೇಲೆ ಅದು ಅಳಿಸಿದ ಜಾಗವನ್ನು ತಾನಾಗಿಯೇ ಗುಡಿಸಿಬಿಡುತ್ತದೆ.

ಎಲ್ಲವನ್ನೂ ಖಂಡಿತ ತೆಗೆದುಕೊಡುತ್ತೇವೆ ಎನ್ನುವ ಅಂಗಡಿಯ ಮೇಲೆ ನನಗೆ ನಂಬಿಕೆಯಿಲ್ಲ. ಡಿಸ್ಕ್ ಕೊಡುವ ಮೊದಲು ನೀವೇ ಕೇಳಿ: ಮೊದಲು ಪೂರ್ತಿ ನಕಲು ಮಾಡುತ್ತೀರಾ? ಮುಚ್ಚಳ ತೆರೆಯಬೇಕಾದರೆ ಎಲ್ಲಿ ತೆರೆಯುತ್ತೀರಿ? ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು? ಉತ್ತರಕ್ಕೆ ತಡವರಿಸಿದರೆ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಅಂಗಡಿಗೆ ಹೋಗಿ.