ತಡೆಯುವವರಾರು, ಬಿಡುವವರಾರು: ಲಿನಕ್ಸ್ ಕರ್ನಲ್‌ನಲ್ಲಿ ಡಿಸ್ಕ್ ಕೋರಿಕೆಗಳ ಕಾಯುವಿಕೆ

ಲಿನಕ್ಸ್ ಕರ್ನಲ್‌ನಲ್ಲಿ ಫೈಲ್ ಸಿಸ್ಟಂಗೂ ಡಿಸ್ಕಿನ ಡ್ರೈವರ್‌ಗೂ ನಡುವೆ ಬ್ಲಾಕ್ ಲೇಯರ್ ಎಂಬ ಪದರವೊಂದಿದೆ. ಡಿಸ್ಕಿನಿಂದ ಓದುವ, ಡಿಸ್ಕಿಗೆ ಬರೆಯುವ ಕೋರಿಕೆಗಳೆಲ್ಲ ಇದನ್ನು ಹಾದೇ ಹೋಗಬೇಕು. ಬಂದದ್ದನ್ನು ಮುಂದಕ್ಕೆ ದಾಟಿಸುವುದು ಈ ಪದರದ ಸುಲಭದ ಕೆಲಸ. ಯಾವ ಕೋರಿಕೆಯನ್ನು ಎಷ್ಟು ಹೊತ್ತು ತಡೆಯಬೇಕು, ತಡೆದದ್ದನ್ನು ಯಾರು ಬಿಡಬೇಕು ಎಂದು ತೀರ್ಮಾನಿಸುವುದು ಕಷ್ಟದ ಕೆಲಸ. ಕಳೆದ ಎರಡೂವರೆ ದಶಕಗಳಲ್ಲಿ ಈ ಪದರದಲ್ಲಾದ ದೊಡ್ಡ ಬದಲಾವಣೆಗಳಲ್ಲಿ ಹಲವು ಈ ಎರಡನೆಯ ಕೆಲಸಕ್ಕೇ ಸಂಬಂಧಿಸಿದವು.

ತಡೆಯುವುದರಿಂದ ಲಾಭವೇನೆಂದು ತಿಳಿಯಲು ತಿರುಗುವ ಡಿಸ್ಕಿನ ಲೆಕ್ಕವನ್ನು ನೋಡಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು. ಬೇಕಾದ ಸೆಕ್ಟರ್ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.17 ಮಿಲಿಸೆಕೆಂಡ್ ಕಾಯಬೇಕಾಗುತ್ತದೆ. ಹೆಡ್ಡು ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಸರಿಯಲು ಮತ್ತೆ ಎಂಟೊಂಬತ್ತು ಮಿಲಿಸೆಕೆಂಡ್. ಹಾಗಾಗಿ ಅಲ್ಲಲ್ಲಿ ಚದುರಿದ ಕೋರಿಕೆಗಳು ಬಂದರೆ ಸೆಕೆಂಡಿಗೆ ಎಂಬತ್ತರಷ್ಟು ಮುಗಿಯುವುದೂ ಕಷ್ಟ. ಒಂದೊಂದು ಕೋರಿಕೆ 4 ಕಿಲೋಬೈಟಿನದಾದರೆ ಸೆಕೆಂಡಿಗೆ ಮುನ್ನೂರು ಚಿಲ್ಲರೆ ಕಿಲೋಬೈಟ್ ಮಾತ್ರ ಕೈಗೆ ಬರುತ್ತದೆ. ಅದೇ ಡಿಸ್ಕು ಸಾಲಾಗಿರುವ ಸೆಕ್ಟರ್‌ಗಳನ್ನು ಓದುವಾಗ ಸೆಕೆಂಡಿಗೆ ನೂರು ಮೆಗಾಬೈಟ್ ದಾಟುತ್ತದೆ. ಫೈಲ್ ಸಿಸ್ಟಂ ಒಂದು ಫೈಲನ್ನು ತುಂಡು ತುಂಡಾಗಿ ಕೇಳುವುದುಂಟು. ಆ ತುಂಡುಗಳು ಡಿಸ್ಕಿನ ಮೇಲೆ ಅಕ್ಕಪಕ್ಕದಲ್ಲೇ ಇರುವುದೂ ಉಂಟು. ಮೊದಲ ತುಂಡನ್ನು ಬಂದ ಕೂಡಲೇ ಕಳಿಸಿಬಿಟ್ಟರೆ ಎರಡನೆಯದು ಬಂದಾಗ ಕೂಡಿಕೊಳ್ಳಲು ಜೊತೆಯೇ ಇರುವುದಿಲ್ಲ. ಒಂದಿಷ್ಟು ತಡೆದರೆ ಹತ್ತಾರು ಸಣ್ಣ ಕೋರಿಕೆಗಳು ಸೇರಿ ಒಂದೇ ದೊಡ್ಡ ಕೋರಿಕೆಯಾಗುತ್ತವೆ.

ಈ ತಡೆಯ ಮೊದಲ ರೂಪಕ್ಕೆ ಕರ್ನಲ್ ಬರೆಯುವವರು ಪ್ಲಗ್ ಎಂದು ಹೆಸರಿಟ್ಟರು. ಕೆರೆಯ ತೂಬು ಮುಚ್ಚಿ ನೀರು ನಿಲ್ಲಿಸಿದಂತೆ, ಖಾಲಿಯಿದ್ದ ಸರತಿಗೆ ಮೊದಲ ಕೋರಿಕೆ ಬಂದೊಡನೆ ಸರತಿಯ ಬಾಯಿ ಮುಚ್ಚುತ್ತಿತ್ತು. 2.4 ಸರಣಿಯಲ್ಲಿ ತಡೆದವುಗಳನ್ನು ಬಿಡಲು ಇಡೀ ವ್ಯವಸ್ಥೆಗೆ ಒಂದೇ ಪಟ್ಟಿ ಇತ್ತು; ಒಂದು ಡಿಸ್ಕಿಗಾಗಿ ಬಿಟ್ಟರೆ ಎಲ್ಲ ಡಿಸ್ಕುಗಳ ಸರತಿಯೂ ತೆರೆದುಕೊಳ್ಳುತ್ತಿತ್ತು. 2.6ರಲ್ಲಿ ಪ್ರತಿ ಸಾಧನದ ಸರತಿಗೂ ಅದರದೇ ಪ್ಲಗ್ ಬಂತು. ಅದು ತೆರೆದುಕೊಳ್ಳಲು ಮೂರು ದಾರಿಗಳಿದ್ದವು: ನಾಲ್ಕು ಕೋರಿಕೆ ಕೂಡುವುದು, 3 ಮಿಲಿಸೆಕೆಂಡಿನ ಟೈಮರ್ ಮುಗಿಯುವುದು, ಅಥವಾ ಯಾವುದಾದರೂ ಪ್ರೋಸೆಸ್ ಆ ಮಾಹಿತಿಗಾಗಿಯೇ ಕಾದು ಕೂರುವುದು.

ಇದರ ಕೊರತೆ ಗೊತ್ತಾಗಲು ವರ್ಷಗಳೇ ಹಿಡಿದವು. ಇನ್ನೂ ಕೋರಿಕೆ ಬರಲಿದೆಯೇ ಎಂಬುದು ಡಿಸ್ಕಿನ ಸರತಿಗೆ ತಿಳಿಯುವುದೇ ಇಲ್ಲ. ಅದು ಊಹಿಸುತ್ತಿತ್ತು, ಊಹೆ ತಪ್ಪಿದಾಗ ಟೈಮರನ್ನು ನಂಬುತ್ತಿತ್ತು. ಜೊತೆಗೆ, ಪ್ರತಿ ಕೋರಿಕೆಗೂ ಸರತಿಯ ಬೀಗ ಹಿಡಿಯಬೇಕಿತ್ತು. ಒಂದೆರಡು ಪ್ರೊಸೆಸರ್ ಇದ್ದ ಕಾಲಕ್ಕೆ ಅದು ಹೊರೆಯಾಗಲಿಲ್ಲ. ಹತ್ತಾರು ಕೋರ್‌ಗಳು ಒಂದೇ ಬೀಗಕ್ಕೆ ಮುಗಿಬೀಳತೊಡಗಿದಾಗ ಡಿಸ್ಕಿಗಿಂತ ಬೀಗವೇ ನಿಧಾನವಾಯಿತು. 2011ರ ಮೇ ತಿಂಗಳಲ್ಲಿ ಬಂದ 2.6.39ರಲ್ಲಿ, ಬ್ಲಾಕ್ ಲೇಯರಿನ ಉಸ್ತುವಾರಿ ಹೊತ್ತಿರುವ ಯೆನ್ಸ್ ಆಕ್ಸ್‌ಬೊ ಪ್ಲಗ್ಗನ್ನು ಸಾಧನದಿಂದ ಕಿತ್ತು, ಕೋರಿಕೆ ಸಲ್ಲಿಸುವ ಪ್ರೋಸೆಸ್ಸಿನ ಕೈಗೇ ಕೊಟ್ಟರು. ಈ ಪದರದ ಇತಿಹಾಸದಲ್ಲಿ ಇಷ್ಟು ಸರಳವಾಗಿದ್ದು ಇಷ್ಟು ದೂರ ಫಲ ಕೊಟ್ಟ ತಿದ್ದುಪಡಿ ಅಪರೂಪ. ಮುಂದೆ ಎಷ್ಟು ಕೋರಿಕೆ ಕಳಿಸಲಿದೆ ಎಂದು ಬಲ್ಲದ್ದು, ಅದನ್ನು ಕಳಿಸುತ್ತಿರುವ ಕೋಡ್ ಒಂದೇ. ಅದು ಕೆಲಸ ಶುರುಮಾಡುವಾಗ ಪ್ಲಗ್ ಹಾಕುತ್ತದೆ, ಮುಗಿಸುವಾಗ ತೆಗೆಯುತ್ತದೆ. ನಡುವೆ ಬಂದ ಕೋರಿಕೆಗಳು ಅದರದೇ ಸ್ಟ್ಯಾಕಿನಲ್ಲಿರುವ ಸಣ್ಣ ಪಟ್ಟಿಯಲ್ಲಿ ಕೂಡುತ್ತವೆ. ಆ ಪಟ್ಟಿಯನ್ನು ಬೇರಾರೂ ಮುಟ್ಟುವುದಿಲ್ಲವಾದ್ದರಿಂದ ಅಕ್ಕಪಕ್ಕದವನ್ನು ಬೆಸೆಯಲು ಬೀಗವೇ ಬೇಡ. ಪಟ್ಟಿ ಬೆಳೆಯುತ್ತಲೇ ಹೋಗದಂತೆ ಮಿತಿಯೂ ಇದೆ. ಮೊದಲು 16 ಕೋರಿಕೆಗಳಿಗಿದ್ದದ್ದು ನಂತರ 32ಕ್ಕೆ ಏರಿತು.

ಇಲ್ಲಿ ಒಂದು ಅಪಾಯವಿದೆ. ಪ್ಲಗ್ ಹಾಕಿದ ಪ್ರೋಸೆಸ್ ಅದನ್ನು ತೆಗೆಯುವ ಮೊದಲೇ ನಿದ್ರೆಗೆ ಜಾರಿದರೆ ಗತಿಯೇನು? ಅದಕ್ಕೆ ಮೆಮೊರಿ ಬೇಕಾಯಿತು, ಖಾಲಿ ಮೆಮೊರಿ ಇಲ್ಲದೆ ಕಾಯುತ್ತ ಮಲಗಿತು ಎನ್ನೋಣ. ಮೆಮೊರಿ ಖಾಲಿಯಾಗಬೇಕಾದರೆ ಕೆಲವು ಪುಟಗಳು ಡಿಸ್ಕಿಗೆ ಬರೆದು ಮುಗಿಯಬೇಕು. ಅದೇ ಪುಟಗಳ ಕೋರಿಕೆಗಳು ಮಲಗಿದ ಪ್ರೋಸೆಸ್ಸಿನ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದರೆ ಬರವಣಿಗೆಗಾಗಿ ಪ್ರೋಸೆಸ್, ಪ್ರೋಸೆಸ್ಸಿಗಾಗಿ ಬರವಣಿಗೆ ಕಾಯುತ್ತ ಎರಡೂ ಎಂದಿಗೂ ಮುಂದೆ ಸಾಗುವುದಿಲ್ಲ. ಈ ಕಾರಣಕ್ಕೆ ಪ್ರೊಸೆಸರ್ ಷೆಡ್ಯೂಲರಿನೊಳಗೇ ಒಂದು ಕಾವಲನ್ನಿಡಲಾಗಿದೆ: ಪ್ರೋಸೆಸ್ ತಾನಾಗಿ ಮಲಗುವ ಮುನ್ನ ಅದರ ಪಟ್ಟಿಯಲ್ಲಿದ್ದುದೆಲ್ಲ ಹೊರಹೋಗಲೇಬೇಕು. ಪ್ರೊಸೆಸರನ್ನು ಬಲವಂತವಾಗಿ ಬೇರೆಯವರಿಗೆ ಬಿಟ್ಟುಕೊಡಬೇಕಾದಾಗ ಮಾತ್ರ ಪಟ್ಟಿ ಹಾಗೆಯೇ ಉಳಿಯುತ್ತದೆ, ಏಕೆಂದರೆ ಆ ಪ್ರೋಸೆಸ್ ಯಾವುದಕ್ಕೂ ಕಾದು ಕುಳಿತಿಲ್ಲ. ತನ್ನ ಸರದಿ ಬಂದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಪ್ಲಗ್ ದಾಟಿದ ಕೋರಿಕೆಗೆ ಮುಂದಿನ ತಡೆ, ಕೋರಿಕೆಗಳ ಸರದಿ ನಿರ್ಧರಿಸುವ ಐ/ಒ ಷೆಡ್ಯೂಲರಿನದು. ಆಕ್ಸ್‌ಬೊ ಅವರೇ ಬರೆದ ಡೆಡ್‌ಲೈನ್ ಷೆಡ್ಯೂಲರ್ ಕೋರಿಕೆಗಳನ್ನು ಸೆಕ್ಟರ್‌ಗಳ ಕ್ರಮದಲ್ಲಿ ಜೋಡಿಸುತ್ತದೆ, ಜೊತೆಗೆ ಒಂದೊಂದಕ್ಕೂ ಗಡುವು ಕಟ್ಟುತ್ತದೆ: ಓದುವುದಕ್ಕೆ 500 ಮಿಲಿಸೆಕೆಂಡ್, ಬರೆಯುವುದಕ್ಕೆ 5 ಸೆಕೆಂಡ್. ಓದಿನ ಹಿಂದೆ ಯಾರೋ ಕಾಯುತ್ತಿರುತ್ತಾರೆ. ಬರವಣಿಗೆ ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ಸಾಗುತ್ತದೆ. ಗಡುವುಗಳ ನಡುವಿನ ಹತ್ತು ಪಟ್ಟು ಅಂತರಕ್ಕೆ ಇದೇ ಕಾರಣ.

ಇದಕ್ಕಿಂತ ದಿಟ್ಟ ಪ್ರಯೋಗವೊಂದು 2001ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸೀತಾರಾಮ್ ಅಯ್ಯರ್ ಮತ್ತು ಪೀಟರ್ ದ್ರುಶೆಲ್ ಅವರಿಂದ ಬಂತು. ಒಂದು ಪ್ರೋಸೆಸ್ ಒಂದು ತುಂಡು ಓದಿ, ಅದನ್ನು ಕೊಂಚ ಸಂಸ್ಕರಿಸಿ, ಪಕ್ಕದ ತುಂಡು ಕೇಳುವಷ್ಟರಲ್ಲಿ ಷೆಡ್ಯೂಲರ್ ಹೆಡ್ಡನ್ನು ಇನ್ನಾರದೋ ಕೆಲಸಕ್ಕೆ ದೂರ ಕಳಿಸಿಬಿಟ್ಟಿರುತ್ತದೆ. ಬೇರೆ ಕೋರಿಕೆಗಳು ಕೈಯಲ್ಲಿದ್ದರೂ ಡಿಸ್ಕನ್ನು ಬೇಕೆಂದೇ ಕ್ಷಣಕಾಲ ಸುಮ್ಮನಿರಿಸಿದರೆ ಒಟ್ಟು ಕೆಲಸ ಹೆಚ್ಚುತ್ತದೆ ಎಂದು ಅವರು ತೋರಿಸಿದರು. ಲಿನಕ್ಸ್ 2.6ರಲ್ಲಿ ಆಂಟಿಸಿಪೇಟರಿ ಷೆಡ್ಯೂಲರ್ ಎಂಬ ಹೆಸರಿನಲ್ಲಿ ಇದೇ ವಿಚಾರ ಮೊದಲ ಆಯ್ಕೆಯಾಯಿತು, 2006ರಲ್ಲಿ 2.6.18ರಿಂದ ಆ ಸ್ಥಾನ ಸಿಎಫ್‌ಕ್ಯೂ ಎಂಬ ಇನ್ನೊಂದು ಷೆಡ್ಯೂಲರಿಗೆ ಹೋಯಿತು. 2010ರಲ್ಲಿ 2.6.33 ಹೊರಬಂದಾಗ ಆಂಟಿಸಿಪೇಟರಿ ಷೆಡ್ಯೂಲರನ್ನು ತೆಗೆದುಹಾಕಲಾಗಿತ್ತು.

ಎಲ್ಲಕ್ಕಿಂತ ದೀರ್ಘವಾದ ತಡೆ ಬ್ಲಾಕ್ ಲೇಯರಿಗೂ ಮೇಲೆ, ಪೇಜ್ ಕ್ಯಾಷ್‌ನಲ್ಲಿದೆ. ಪ್ರೋಗ್ರಾಂ ಬರೆದದ್ದು ಮೊದಲು ಮೆಮೊರಿಯಲ್ಲೇ ಉಳಿಯುತ್ತದೆ. ಕರ್ನಲ್‌ನ ರೂಢಿಯ ಲೆಕ್ಕದಲ್ಲಿ 5 ಸೆಕೆಂಡಿಗೊಮ್ಮೆ ಒಂದು ಕೆಲಸಗಾರ ಎಳೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನು ಡಿಸ್ಕಿಗೆ ಕಳಿಸುತ್ತದೆ. ಆ ನಡುವೆ ಕರೆಂಟ್ ಹೋದರೆ ಬರೆದದ್ದು ಹೋಯಿತೆಂದೇ ಅರ್ಥ. ಬ್ಯಾಂಕಿನ ಲೆಕ್ಕ ಹಿಡಿಯುವ ಡೇಟಾಬೇಸ್ ಇಷ್ಟು ಕಾಯಲಾರದು. ಅದು ಎಫ್‌ಸಿಂಕ್ ಕರೆಯನ್ನು ಬಳಸಿ, ಡಿಸ್ಕು ಮುಟ್ಟಿತೆಂಬ ಖಾತ್ರಿ ಸಿಕ್ಕ ಮೇಲಷ್ಟೇ ವ್ಯವಹಾರ ಮುಗಿಯಿತೆಂದು ಹೇಳುತ್ತದೆ.

ಎಸ್‌ಎಸ್‌ಡಿ ಬಂದ ಮೇಲೆ ಸರಿಯುವ ಹೆಡ್ಡೂ ಇಲ್ಲ, ತಿರುಗುವ ತಟ್ಟೆಯೂ ಇಲ್ಲ. ಸಾಟಾ ಡಿಸ್ಕಿಗೆ 32 ಕೋರಿಕೆ ಹಿಡಿಯುವ ಒಂದೇ ಸರತಿಯಿದ್ದರೆ, ಎನ್‌ವಿಎಂಇ ಮಾನಕದಲ್ಲಿ ಅರವತ್ತೈದು ಸಾವಿರದಷ್ಟು ಸರತಿಗಳಿಗೆ ಅವಕಾಶವಿದೆ. ಇದಕ್ಕೆ ತಕ್ಕಂತೆ 2014ರ ಜನವರಿಯಲ್ಲಿ 3.13ರೊಂದಿಗೆ ಬಹು ಸರತಿಗಳ ಹೊಸ ಬ್ಲಾಕ್ ಲೇಯರ್ ಸೇರಿತು. 2019ರ ಮಾರ್ಚ್‌ನಲ್ಲಿ 5.0 ಬಂದಾಗ ಹಳೆಯ ಒಂಟಿ ಸರತಿಯ ಕೋಡ್ ಪೂರ್ತಿ ಹೋಯಿತು. ಪ್ಲಗ್ ಮಾತ್ರ ಉಳಿಯಿತು. ಇಷ್ಟು ವೇಗದ ಸಾಧನಗಳಲ್ಲಿ ದುಬಾರಿಯಾದದ್ದು ಪ್ರತಿ ಕೋರಿಕೆಗೂ ಪ್ರೊಸೆಸರ್ ತೆರುವ ಸಮಯ. ಪ್ಲಗ್‌ನಿಂದ ಗೊಂಚಲಾಗಿ ಹೊರಬಂದ ಕೋರಿಕೆಗಳಲ್ಲಿ ಕೊನೆಯದು ಯಾವುದೆಂದು ಡ್ರೈವರಿಗೆ ಗೊತ್ತಾಗುತ್ತದೆ. ಹೊಸ ಕೆಲಸ ಬಂದಿದೆಯೆಂದು ಅದು ಸಾಧನಕ್ಕೆ ಗೊಂಚಲಿಗೊಮ್ಮೆ ಸೂಚಿಸಿದರೆ ಸಾಕು.

ವೇಗಕ್ಕೆ ಸಂಬಂಧಿಸದ ತಡೆಗಳೂ ಇವೆ. ಡಿಸ್ಕಿನ ಜಾಗ ಹಂಚುವ ಎಲ್‌ವಿಎಂ ವ್ಯವಸ್ಥೆಯಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವಾಗ ಕರ್ನಲ್‌ನ ಡಿವೈಸ್ ಮ್ಯಾಪರ್ ಎಂಬ ಭಾಗ ಸಾಧನವನ್ನು ಅಮಾನತಿನಲ್ಲಿಡುತ್ತದೆ: ಈಗಾಗಲೇ ಒಳಹೋದ ಕೋರಿಕೆಗಳು ಮುಗಿಯುವವರೆಗೆ ಕಾದು, ಹೊಸದಾಗಿ ಬಂದವನ್ನು ಪಕ್ಕದ ಪಟ್ಟಿಯಲ್ಲಿ ಕೂರಿಸಿ, ಕೆಳಗಿನ ನಕ್ಷೆ ಬದಲಾದ ಮೇಲೆ ಬಿಡುತ್ತದೆ. ಪ್ರೋಗ್ರಾಂಗಳಿಗೆ ಇದು ಕ್ಷಣದ ನಿಧಾನವಾಗಿ ಕಾಣುತ್ತದೆಯೇ ಹೊರತು ದೋಷವಾಗಿ ಅಲ್ಲ.

ತೀರ ಹೊಸದು ವಲಯಗಳಾಗಿ ಹಂಚಿದ ಡಿಸ್ಕುಗಳಿಗಾಗಿ ಬಂದದ್ದು. ಅಂಥ ಡಿಸ್ಕಿನ ಒಂದು ವಲಯದೊಳಗೆ ಬರವಣಿಗೆ ಮೊದಲಿಂದ ಕೊನೆಯವರೆಗೆ ಸಾಲಾಗಿಯೇ ಸಾಗಬೇಕು. ಎರಡು ಕೋರಿಕೆಗಳ ಕ್ರಮ ಹಿಂದುಮುಂದಾದರೆ ಡಿಸ್ಕು ತಿರಸ್ಕರಿಸುತ್ತದೆ. ಮುಂಚೆ ಈ ಕ್ರಮವನ್ನು ಕಾಯಲು ಡೆಡ್‌ಲೈನ್ ಷೆಡ್ಯೂಲರಿನೊಳಗೆ ವಲಯದ ಬೀಗವಿತ್ತು, ಹಾಗಾಗಿ ಬೇರೆ ಷೆಡ್ಯೂಲರ್ ಬಳಸುವಂತಿರಲಿಲ್ಲ. 2024ರ ಜುಲೈಯಲ್ಲಿ ಬಂದ 6.10ರಿಂದ ಪ್ರತಿ ವಲಯಕ್ಕೂ ಅದರದೇ ಪ್ಲಗ್ ಇದೆ. ವಲಯವೊಂದಕ್ಕೆ ಒಂದು ಸಲಕ್ಕೆ ಒಂದೇ ಬರವಣಿಗೆ ಹೊರಡುತ್ತದೆ, ಹಿಂದಿನವು ಬಂದ ಕ್ರಮದಲ್ಲೇ ನಿಲ್ಲುತ್ತವೆ; ಮುಂದೆ ಹೋದದ್ದು ಮುಗಿದಾಗ ಅದೇ ತನ್ನ ಹಿಂದೆ ನಿಂತದ್ದನ್ನು ಬಿಡುಗಡೆ ಮಾಡುತ್ತದೆ.